ದೋರಸಮುದ್ರದ ಕಪ್ಪ, ಅರಸೀಕೆರೆಯ ಕಂಪ್ಯೂಟರು

2020ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅರಸೀಕೆರೆಯಿಂದ ಸೋದರಮಾವ ಫೋನ್ ಮಾಡಿದರು. "ಏನೋ ಇದು, ಒಂದು ಫೋಟೋನೂ ತೆರ್ಕೊಳ್ತಿಲ್ಲ. ಎಲ್ಲಾ ಫೈಲಿನ ಬಾಲಕ್ಕೂ ಅದೇನೋ ನಾಕಕ್ಷರ ಅಂಟ್ಕೊಂಡಿದೆ" ಎಂದರು. ಪ್ರತಿ ಫೋಲ್ಡರಿನಲ್ಲೂ ಇಂಗ್ಲಿಷಿನ ಒಂದು ಓಲೆ ಇದೆಯಂತೆ. ಓದಿ ಹೇಳಿ ಮಾವ ಎಂದೆ. ನಿಧಾನವಾಗಿ ಓದಿದರು: ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಬೀಗದ ಕೈಗೆ 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ. ಓದಿ ಮುಗಿಸಿ, "ಇವರ್ಯಾರೋ ಮಲಿಕ್ ಕಾಫರ್ ಕಡೆಯವರು ಕಣೋ" ಎಂದು ನಕ್ಕರು. ಆ ನಗುವಿನಲ್ಲಿ ಜೀವ ಇರಲಿಲ್ಲ.

ಮಾವ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಹನ್ನೆರಡು ವರ್ಷ ಮೊಪೆಡ್ ಮೇಲೆ ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಲ ಊರುಗಳನ್ನು ಸುತ್ತಿದ್ದರು. ಜಾವಗಲ್ಲು, ಬಾಣಾವರ, ಹಾರನಹಳ್ಳಿಯ ಕಡೆ ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ, ಹಿತ್ತಿಲ ಒಗೆಯುವ ಕಲ್ಲಾಗಿ ಬಿದ್ದಿದ್ದ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಫೋಟೋ ತೆಗೆದಿದ್ದರು. ಆ ಕಲ್ಲುಗಳ ಕಥೆ ಬಲ್ಲ ಹಿರಿಯರನ್ನು ಕೂರಿಸಿಕೊಂಡು ಮಾತನಾಡಿಸಿ ಧ್ವನಿಮುದ್ರಿಸಿದ್ದರು. ನಾಲ್ಕು ಸಾವಿರದಷ್ಟು ಚಿತ್ರ, ಅರವತ್ತಕ್ಕೆ ಹತ್ತಿರ ದನಿ. ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಅದರ 'ಕಾಪಿ' ಇದ್ದ ಹೊರಗಿನ ಡಿಸ್ಕು ಕೂಡ ಹಗಲೂ ರಾತ್ರಿ ಅದೇ ಕಂಪ್ಯೂಟರಿಗೆ ಚುಚ್ಚಿಯೇ ಇತ್ತು. ಹಾಗಾಗಿ ಎರಡಕ್ಕೂ ಒಂದೇ ಗಳಿಗೆಯಲ್ಲಿ ಬೀಗ ಬಿತ್ತು.

ಮಲಿಕ್ ಕಾಫರನ ಹೆಸರು ಮಾವನ ಬಾಯಿಗೆ ಬಂದದ್ದು ಆಕಸ್ಮಿಕವಲ್ಲ. ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹೋದರೆ ಸಿಗುವ ಹಳೇಬೀಡು, ಅಂದಿನ ದೋರಸಮುದ್ರ, ಒತ್ತೆಹಣದ ಚರಿತ್ರೆಯನ್ನು ನಮ್ಮ ಸೀಮೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಊರು. 1311ರ ಫೆಬ್ರುವರಿ ಕೊನೆಯಲ್ಲಿ ಅಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫರ್ ಅದರ ಕೋಟೆಯ ಮುಂದೆ ಬಂದು ನಿಂತಾಗ ಹೊಯ್ಸಳ ದೊರೆ ಮೂರನೆಯ ಬಲ್ಲಾಳ ಊರಲ್ಲಿರಲಿಲ್ಲ. ಪಾಂಡ್ಯ ಸೋದರರ ಜಗಳದಲ್ಲಿ ಕೈಯಾಡಿಸಲು ದಕ್ಷಿಣಕ್ಕೆ ಹೋಗಿದ್ದ. ಸುದ್ದಿ ತಿಳಿದು ಓಡಿ ಬಂದ. ದೂತರು ಓಡಾಡಿದರು. ಕೊನೆಗೆ ಖಜಾನೆ, ಆನೆ, ಕುದುರೆಗಳನ್ನು ಒಪ್ಪಿಸಿ, ವರ್ಷಕ್ಕಿಷ್ಟು ಕಪ್ಪ ಎಂದು ಮಾತಾಯಿತು. ದೆಹಲಿಯ ಆಸ್ಥಾನದ ಕವಿ ಅಮೀರ್ ಖುಸ್ರೋ ಇದನ್ನೆಲ್ಲ ಗೆದ್ದವರ ಉತ್ಸಾಹದಲ್ಲಿ ಬರೆದಿಟ್ಟಿದ್ದಾನೆ. ಎರಡು ವಾರ ತುಂಬುವ ಮೊದಲೇ ದಂಡು ಮಧುರೆಯ ಕಡೆ ಹೊರಟಿತು. ದಾರಿ ತೋರಿಸುವ ಕೆಲಸವೂ ಬಲ್ಲಾಳನ ಪಾಲಿಗೇ ಬಂತು. ಅವನ ಮಗ ವೀರ ವಿರೂಪಾಕ್ಷ ದೆಹಲಿಗೆ ಹೋಗಿ 1313ರಲ್ಲಿ ಮರಳಿದಾಗ ದೋರಸಮುದ್ರದಲ್ಲಿ ಆದ ಸಂತೋಷ ಶಾಸನಕ್ಕೇರುವಷ್ಟು ದೊಡ್ಡದಾಗಿತ್ತು.

ಇದರಲ್ಲಿ ಬಲ್ಲಾಳನನ್ನು ಹೇಡಿಯೆನ್ನುವುದೂ ತಪ್ಪು, ಕಪ್ಪವೆಂಬುದನ್ನು ಒಂದೇ ಮತದವರ ಪದ್ಧತಿಯೆನ್ನುವುದೂ ತಪ್ಪು. ಹೊಯ್ಸಳರೂ ಗೆದ್ದಲ್ಲೆಲ್ಲ ಕಪ್ಪ ಕೊಂಡವರೇ. ಅದು ಆ ಕಾಲದ ರಾಜಕಾರಣದ ನಾಣ್ಯ. ಆದರೆ ಕೊಟ್ಟವರ ಗತಿ ಏನಾಯಿತು ಎಂಬ ಲೆಕ್ಕ ನೋಡಬೇಕು. ದೇವಗಿರಿಯ ಯಾದವರು 1296ರಲ್ಲಿ ಕೊಟ್ಟರು. ಮತ್ತೆ ದಂಡು ಬಂತು. ಎರಡು ದಶಕ ಕಳೆಯುವಷ್ಟರಲ್ಲಿ ರಾಜ್ಯವೇ ದೆಹಲಿಗೆ ಸೇರಿತು. ವಾರಂಗಲ್ಲಿನ ಪ್ರತಾಪರುದ್ರ 1310ರಲ್ಲಿ ಕೊಟ್ಟ. 1323ರಲ್ಲಿ ವಾರಂಗಲ್ಲು ಬಿತ್ತು. ಬಲ್ಲಾಳ 1311ರಲ್ಲಿ ಕೊಟ್ಟ. ಮಹಮ್ಮದ್ ಬಿನ್ ತುಘಲಕನ ಕಾಲಕ್ಕೆ, 1327ರ ಸುಮಾರಿಗೆ, ಮತ್ತೊಂದು ದಂಡು ಬಂದು ದೋರಸಮುದ್ರವನ್ನು ಮೇಲೇಳದ ಹಾಗೆ ಮಾಡಿತು. ರಾಜಧಾನಿಯೆಂಬುದು 'ಹಳೆಯ ಬೀಡು' ಆಯಿತು. ಕೊಟ್ಟದ್ದರಿಂದ ಬಲ್ಲಾಳನಿಗೆ ಹದಿನಾರು ವರ್ಷ ಸಿಕ್ಕಿತು ಎನ್ನಬಹುದು. ಅದು ಸಣ್ಣ ಮಾತಲ್ಲ. ಆದರೆ 'ಇಲ್ಲಿ ಕೊಡುತ್ತಾರೆ' ಎಂಬ ಸುದ್ದಿಯೂ ಅದರ ಜೊತೆಗೇ ದೆಹಲಿ ಮುಟ್ಟಿತ್ತು.

ಮುಪ್ಪಿನಲ್ಲಿ ಅವನಿಗಾದದ್ದು ಇನ್ನೂ ಕಠೋರ. 1342ರಲ್ಲಿ ಮಧುರೆಯ ಸುಲ್ತಾನ ಘಿಯಾಸುದ್ದೀನನ ಕೈಗೆ ಅವನು ಸಿಕ್ಕಿಬಿದ್ದ. ಆ ಸುಲ್ತಾನನ ನೆಂಟನೇ ಆಗಿದ್ದ ಪ್ರವಾಸಿ ಇಬ್ನ್ ಬತೂತ ಬರೆಯುತ್ತಾನೆ: ಬಿಟ್ಟುಬಿಡುತ್ತೇನೆಂದು ಮಾತು ಕೊಟ್ಟು ಅವನ ಐಶ್ವರ್ಯ, ಆನೆ, ಕುದುರೆ ಎಲ್ಲವನ್ನೂ ತರಿಸಿಕೊಂಡರು. ತರಿಸಿಕೊಂಡ ಮೇಲೆ ಕೊಂದರು. ಚರ್ಮ ಸುಲಿದು ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದ್ದನ್ನು ತಾನೇ ಕಂಡೆ ಎನ್ನುತ್ತಾನೆ. ಒತ್ತೆಹಣದ ವ್ಯವಹಾರದಲ್ಲಿ ಒಂದು ಕಡೆಯವನಿಗೆ ಮಾತ್ರ ಮಾತು ಉಳಿಸಿಕೊಳ್ಳುವ ಒತ್ತಾಯವಿರುತ್ತದೆ, ಇನ್ನೊಬ್ಬನಿಗೆ ಇರುವುದಿಲ್ಲ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನಮ್ಮ ಚರಿತ್ರೆಯಲ್ಲಿ ನನಗೆ ಕಂಡಿಲ್ಲ.

*

ಕಂಪ್ಯೂಟರಿನ ಕಡತವನ್ನು ಒತ್ತೆಯಿಡುವ ದಂಧೆಗೆ ವಯಸ್ಸು ಬಹಳವಿಲ್ಲ. 1989ರ ಡಿಸೆಂಬರಿನಲ್ಲಿ ಏಡ್ಸ್ ರೋಗದ ಮಾಹಿತಿ ಎಂಬ ಚೀಟಿ ಹೊತ್ತ ಸುಮಾರು 20,000 ಫ್ಲಾಪಿಗಳು ಅಂಚೆಯಲ್ಲಿ ಹಲವು ದೇಶಗಳಿಗೆ ಹೋದವು. ಕಂಪ್ಯೂಟರ್ ಪತ್ರಿಕೆಯೊಂದರ ಚಂದಾದಾರರಿಗೆ, ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಸಮ್ಮೇಳನಕ್ಕೆ ಬಂದಿದ್ದವರಿಗೆ. ಹಾಕಿಕೊಂಡವರಿಗೆ ಮೊದಮೊದಲು ಏನೂ ಆಗಲಿಲ್ಲ. ತೊಂಬತ್ತನೇ ಸಲ ಕಂಪ್ಯೂಟರ್ ಶುರುಮಾಡಿದಾಗ ಫೈಲುಗಳ ಹೆಸರುಗಳೆಲ್ಲ ಕಲಸಿಹೋಗಿ, ಪನಾಮಾ ದೇಶದ ಅಂಚೆಪೆಟ್ಟಿಗೆಯೊಂದಕ್ಕೆ 189 ಡಾಲರ್ ಕಳಿಸಿ ಎಂಬ ಓಲೆ ಬಂತು. ಮಾಡಿದವನು ಜೋಸೆಫ್ ಪಾಪ್ ಎಂಬ ಹಾರ್ವರ್ಡ್‌ನಲ್ಲಿ ಓದಿದ ಜೀವವಿಜ್ಞಾನಿ. ಸಿಕ್ಕಿಬಿದ್ದರೂ ವಿಚಾರಣೆ ಎದುರಿಸುವ ಮನಃಸ್ಥಿತಿಯಿಲ್ಲವೆಂದು ಬ್ರಿಟನ್ನಿನ ನ್ಯಾಯಾಲಯ ಅವನನ್ನು ಬಿಟ್ಟಿತು. ಅವನ ಬೀಗದಲ್ಲಿ ಒಂದು ಪೆದ್ದುತನವಿತ್ತು. ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ ಕೀಲಿಕೈ, ಆ ಕೈಯೂ ಫ್ಲಾಪಿಯೊಳಗೇ ಅಡಗಿತ್ತು. ಜಿಮ್ ಬೇಟ್ಸ್ ಎಂಬ ತಜ್ಞ ಅದನ್ನು ಹುಡುಕಿ, ಬಿಡಿಸುವ ತಂತ್ರಾಂಶ ಬರೆದು ಹಂಚಿದ.

ಆ ಪೆದ್ದುತನವನ್ನು ತಿದ್ದಿಕೊಂಡರೆ ಏನಾದೀತು ಎಂದು 1996ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯಂಗ್ ಎಂಬ ಸಂಶೋಧಕರು ಪ್ರಬಂಧ ಬರೆದು ಎಚ್ಚರಿಸಿದರು. ಅವರು ಹೇಳಿದ ಬೀಗ ನಮ್ಮ ಅಂಗಡಿಗಳಲ್ಲಿ ಸಿಗುವ, ಒತ್ತಿದರೆ ತಾನೇ ಬೀಳುವ ಬೀಗದಂಥದು. ಒತ್ತುವುದಕ್ಕೆ ಯಾರ ಕೈಯಾದರೂ ಆದೀತು. ತೆಗೆಯುವ ಕೀಲಿಕೈ ಮಾತ್ರ ದೂರದಲ್ಲಿ ಕೂತ ಯಜಮಾನನ ಬಳಿ. ಗೂಢಲಿಪಿಯ ಗಣಿತದಲ್ಲಿ ಈ ಬೀಗ ಆಗಲೇ ಸಿದ್ಧವಿತ್ತು, ಬ್ಯಾಂಕಿನ ವ್ಯವಹಾರ ಕಾಯುವುದೂ ಅದೇ. ಕಳ್ಳರಿಗೆ ಕೊರತೆಯಾಗಿದ್ದದ್ದು ಸಿಕ್ಕಿಬೀಳದೆ ಹಣ ಪಡೆಯುವ ದಾರಿ. 2009ರಲ್ಲಿ ಬಿಟ್‌ಕಾಯಿನ್ ಬಂದು ಆ ಕೊರತೆಯೂ ನೀಗಿತು. 2013ರ ಸೆಪ್ಟೆಂಬರಿನಲ್ಲಿ ಕ್ರಿಪ್ಟೋಲಾಕರ್ ಎಂಬ ಕುತಂತ್ರಾಂಶ ಇಮೇಲ್ ಲಗತ್ತುಗಳ ಬೆನ್ನೇರಿ ಹೊರಟಾಗ ಬೀಗ ಮತ್ತು ಬಿಟ್‌ಕಾಯಿನ್ ಎರಡೂ ಕೂಡಿ ದಂಧೆಗೆ ಇಂದಿನ ರೂಪ ಬಂತು. ಒತ್ತೆಯಾಳು ಎಂಬ ಮಾತಿನ ಭಾರ ಕನ್ನಡಿಗರಿಗೆ 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರ ಅಪಹರಣವಾದಾಗ ಗೊತ್ತಾಗಿತ್ತು. 108 ದಿನ ನಾಡು ಉಸಿರು ಬಿಗಿಹಿಡಿದಿತ್ತು. ಈಗ ಮನುಷ್ಯರನ್ನು ಹೊತ್ತೊಯ್ಯುವ ಕಷ್ಟವೂ ಬೇಕಿಲ್ಲ, ಅವರ ನೆನಪನ್ನು ಅವರ ಮನೆಯಲ್ಲೇ ಬೀಗ ಹಾಕಿಟ್ಟರೆ ಸಾಕು.

2017ರ ಮೇ 12ರ ಶುಕ್ರವಾರ ವಾನಾಕ್ರೈ ಎಂಬುದು 150ರಷ್ಟು ದೇಶಗಳಿಗೆ ಹಬ್ಬಿತು. ಅದು ನುಗ್ಗಿದ ವಿಂಡೋಸಿನ ಬಿರುಕಿಗೆ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ರಂದೇ, ಮೈಕ್ರೋಸಾಫ್ಟ್ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಕೊಂಡರು. ಮಾರ್ಕಸ್ ಹಚಿನ್ಸ್ ಎಂಬ ಇಂಗ್ಲೆಂಡಿನ ತರುಣ, ಆ ಕುತಂತ್ರಾಂಶ ಮತ್ತೆ ಮತ್ತೆ ವಿಚಾರಿಸುತ್ತಿದ್ದ ಜಾಲವಿಳಾಸವೊಂದನ್ನು ತನ್ನ ಹೆಸರಿಗೆ ನೋಂದಾಯಿಸಿದ್ದೇ ತಡ, ಅದರ ಓಟ ನಿಂತಿತು. ಅದು ಕೇಳುತ್ತಿದ್ದದ್ದು 300 ಡಾಲರ್. ಹಣ ಕಟ್ಟಲು ಎಲ್ಲರಿಗೂ ಇದ್ದದ್ದು ಅವೇ ಮೂರು ಬಿಟ್‌ಕಾಯಿನ್ ವಿಳಾಸಗಳು. ಯಾರು ಕಟ್ಟಿದರು ಎಂದು ತಿಳಿಯುವ ಸರಿಯಾದ ವ್ಯವಸ್ಥೆ ಕಟ್ಟಿಸಿಕೊಂಡವರಲ್ಲೇ ಇರಲಿಲ್ಲ. ಬಲ್ಲಾಳನಿಂದ ಆನೆ ಕುದುರೆ ತರಿಸಿಕೊಂಡವರಿಗಾದರೂ ಕೊಟ್ಟವನು ಯಾರೆಂದು ಗೊತ್ತಿತ್ತು.

ಆಮೇಲೆ ದೊಡ್ಡ ಬೇಟೆಗಳು ಶುರುವಾದವು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆ ಕಂಪ್ಯೂಟರ್ ಬಿಟ್ಟು ದಿನಗಟ್ಟಲೆ ಕೈಬರಹಕ್ಕೆ ಮರಳಿತು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಕಂಪನಿಯೊಂದಕ್ಕೆ ಪೆಟ್ಟು ಬಿದ್ದು, ದೇಶದ 300ರಷ್ಟು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಹಣ ವರ್ಗಾವಣೆ ನಿಂತಿತು. ಇವು ಪತ್ರಿಕೆಯಲ್ಲಿ ಬಂದವು. ಅರಸೀಕೆರೆಯ ಮೇಷ್ಟರೊಬ್ಬರ ಹನ್ನೆರಡು ವರ್ಷದ ಓಡಾಟ ಯಾವ ಪತ್ರಿಕೆಯ ಸುದ್ದಿಯೂ ಅಲ್ಲ.

*

ಮಾವನ ಕಂಪ್ಯೂಟರಿಗೆ ಬಂದದ್ದು ಸ್ಟಾಪ್ ಎಂಬ ಕುಲದ್ದು. ಓಲೆಯ ಒಕ್ಕಣೆಯೇ ಅದರ ಗುರುತು. ಅದು ಆಸ್ಪತ್ರೆ, ಬ್ಯಾಂಕುಗಳ ಗೊಡವೆಗೆ ಹೋಗುವಂಥದಲ್ಲ. ಮನೆಗಳ ಕಂಪ್ಯೂಟರೇ ಅದರ ಬೇಟೆ. ಬರುವ ದಾರಿಯೂ ಗೊತ್ತಿರುವಂಥದೇ: ಬಿಟ್ಟಿಯಾಗಿ ಸಿಗುವ ಕ್ರ್ಯಾಕ್ ಮಾಡಿದ ತಂತ್ರಾಂಶ. ಕನ್ನಡದಲ್ಲಿ ಬರೆಯಲು ಮಾವನ ಬಳಿ ಉಚಿತವಾದ ನುಡಿ ಇತ್ತು. ಪುಸ್ತಕದ ಪುಟ ಜೋಡಿಸಲು ದುಬಾರಿ ತಂತ್ರಾಂಶ ಬೇಕಾಯಿತು. ಗೊತ್ತಿದ್ದ ಹುಡುಗನೊಬ್ಬ ಎಲ್ಲಿಂದಲೋ ಇಳಿಸಿ ಹಾಕಿಕೊಟ್ಟ. ಹಾಕುವಾಗ ಆಂಟಿವೈರಸ್ ಅಡ್ಡ ಬಂತು. "ಐದ್ ನಿಮಿಷ ಆಫ್ ಮಾಡಿ ಸಾರ್, ಇದಕ್ಕೆಲ್ಲ ಹಂಗೇ ಬರುತ್ತೆ" ಎಂದ. ಮಾವ ಆಫ್ ಮಾಡಿದರು. ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂಬ ಕಿಟಕಿಯೊಂದು ತೆರೆಯಿತು. ಅದು ಸುಳ್ಳು ಕಿಟಕಿ. ಅದರ ಹಿಂದೆ ಬೀಗ ಬೀಳುತ್ತಿತ್ತು. ಕೋಟೆಯ ಬಾಗಿಲನ್ನು ಆನೆ ಬಿಟ್ಟು ಒಡೆಸಬೇಕಾದ ಪ್ರಮೇಯವೇ ಬರಲಿಲ್ಲ, ನಾವೇ ಅಗುಳಿ ತೆಗೆದಿದ್ದೆವು. ಆ ಹುಡುಗನ ಮೇಲೆ ನನಗೆ ಸಿಟ್ಟಿದೆ. ಆದರೆ ಎರಡು ವರ್ಷ ಮೊದಲು ನನ್ನ ಕಂಪ್ಯೂಟರಿಗೂ ಅಂಥದನ್ನೇ ಹಾಕಿಸಿಕೊಂಡಿದ್ದವನು ನಾನು.

"ಕೊಟ್ಟುಬಿಡೋಣ ಕಣೋ, ಅರ್ಧ ಬೆಲೆಗಾದ್ರೆ ಆದೀತು" ಎಂದರು ಮಾವ. ಪೂರ್ತಿ ಬೆಲೆ ಆಗಿನ ಲೆಕ್ಕದಲ್ಲಿ ಎಪ್ಪತ್ತು ಸಾವಿರ ರೂಪಾಯಿ ದಾಟುತ್ತಿತ್ತು. "ಮಾವ, ಬಲ್ಲಾಳ ಕೊಟ್ಟಿದ್ದು ನೀವೇ ಪಾಠ ಮಾಡಿದ್ರಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಲ್ಲಾಳನಿಗೆ ಬೇರೆ ದಾರಿ ಇರ್ಲಿಲ್ಲ ಅಂತಾನೂ ಪಾಠ ಮಾಡಿದ್ದೆ" ಎಂದರು. ಅದೂ ನಿಜವೇ. ಆಸ್ಪತ್ರೆಯಲ್ಲಿ ರೋಗಿಗಳು ಕಾಯುತ್ತಿರುವಾಗ ಕೊಡಬೇಡಿ ಎಂದು ದೂರ ಕೂತವರು ಹೇಳುವುದು ಸುಲಭ. ಆದರೆ ನಮಗೆ ಬೇರೆ ದಾರಿ ಇದೆಯೋ ಇಲ್ಲವೋ ಎಂದು ಮೊದಲು ನೋಡಬೇಕಿತ್ತು.

ಆ ವಾರ ನಾವು ಮಾಡಿದ್ದನ್ನು ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಮೊದಲು ಇಂಟರ್‌ನೆಟ್ಟಿನ ತಂತಿ ಕಿತ್ತು, ಹೊರಗಿನ ಡಿಸ್ಕನ್ನೂ ಬಿಡಿಸಿದೆವು. ಓಲೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟೆವು. ಯಾವ ಫೈಲನ್ನೂ ಅಳಿಸಲಿಲ್ಲ, ಸಿಟ್ಟಿನಲ್ಲಿ ಫಾರ್ಮ್ಯಾಟ್ ಮಾಡಲೂ ಇಲ್ಲ. ಈ ಜಾತಿಯದು ಒಂಟಿಯಾಗಿ ಬರುವುದಿಲ್ಲ, ಪಾಸ್‌ವರ್ಡ್ ಕದಿಯುವ ಜೊತೆಗಾರನನ್ನೂ ಕರೆತರುತ್ತದೆ. ಹಾಗಾಗಿ ಇಮೇಲು, ಬ್ಯಾಂಕಿನ ಪಾಸ್‌ವರ್ಡುಗಳನ್ನು ಬೇರೊಂದು ಮೊಬೈಲಿನಿಂದ ಬದಲಿಸಿದೆವು. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕಿದೆವು. ಇಂಥದಕ್ಕೆಂದೇ ಹಾಸನದಲ್ಲಿ ಸಿಇಎನ್ ಪೊಲೀಸ್ ಠಾಣೆಯೂ ಇದೆ. ಆಮೇಲೆ 'ನೋ ಮೋರ್ ರ‍್ಯಾನ್ಸಮ್' ಎಂಬ ಜಾಲತಾಣಕ್ಕೆ ಹೋದೆವು. ಯೂರೋಪೋಲ್, ನೆದರ್‌ಲ್ಯಾಂಡ್ಸಿನ ಪೊಲೀಸರು ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ 2016ರ ಜುಲೈನಲ್ಲಿ ಶುರುಮಾಡಿದ್ದು. ಬೀಗ ಬಿದ್ದ ಒಂದು ಫೈಲು ಕೊಟ್ಟರೆ ಯಾವ ಕುಲದ್ದೆಂದು ಗುರುತಿಸಿ, ಕೀಲಿಕೈ ಸಿಕ್ಕಿದ್ದರೆ ಉಚಿತವಾಗಿ ಕೊಡುತ್ತದೆ. ಸ್ಟಾಪ್‌ನ 148 ತಳಿಗಳಿಗೆ ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರಿನಲ್ಲೇ ಕೀಲಿ ಕಂಡುಹಿಡಿದಿತ್ತು. ನಮ್ಮದು ಆಮೇಲಿನ ತಳಿ. ಕೀಲಿ ಇರಲಿಲ್ಲ.

ಆದರೂ ಈ ಕುಲಕ್ಕೆ ಒಂದು ಅವಸರದ ಚಾಳಿಯಿದೆ. ಸಾವಿರಾರು ಫೈಲುಗಳನ್ನು ಬೇಗ ಮುಗಿಸಬೇಕಲ್ಲ, ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನು ಮಾತ್ರ ಕಲಸಿ ಮುಂದೆ ಹೋಗುತ್ತದೆ. ಫೋಟೋದಲ್ಲಿ ತಲೆ ಹೋದರೆ ದೇಹಕ್ಕೂ ಅರ್ಥವಿಲ್ಲ, ಹೆಚ್ಚಿನವು ತೆರೆಯಲಿಲ್ಲ. ಎಂಪಿತ್ರೀ ಧ್ವನಿ ಹಾಗಲ್ಲ. ಅದು ಚಿಕ್ಕ ಚಿಕ್ಕ ತುಣುಕುಗಳ ಸರ, ಮೊದಲ ಮಣಿಗಳು ಉದುರಿದರೂ ಉಳಿದವು ನುಡಿಯುತ್ತವೆ. ಅಂಟಿಕೊಂಡಿದ್ದ ನಾಲ್ಕಕ್ಷರ ಕಿತ್ತು, ಹಾಳಾದ ಮೊದಲ ಭಾಗ ಕತ್ತರಿಸಿದಾಗ ಒಂದೊಂದಾಗಿ ಅಜ್ಜ ಅಜ್ಜಿಯರ ದನಿ ಎದ್ದು ಬಂತು. ಎಲ್ಲದರಲ್ಲೂ ಮೊದಲ ಒಂಬತ್ತು ಹತ್ತು ಸೆಕೆಂಡು ಇಲ್ಲ. ಆಗ ಗೊತ್ತಾಯಿತು: ಮಾವ ಪ್ರತಿಯೊಬ್ಬರನ್ನೂ ಮೊದಲು ಕೇಳುತ್ತಿದ್ದದ್ದು "ನಿಮ್ಮ ಹೆಸರೇನವ್ವಾ, ಯಾವೂರು?" ಎಂದು. ಅಷ್ಟು ಮಾತ್ರ ಹೋಗಿತ್ತು.

*

ಚಿತ್ರಗಳ ವಿಷಯಕ್ಕೆ ಬಂದಾಗ ನಮ್ಮನ್ನು ಸ್ವಲ್ಪ ಉಳಿಸಿದವರು ಬಿ.ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ, ಹಾಸನ ಜಿಲ್ಲೆಯದು, ಅಚ್ಚಾದದ್ದು 1902ರಲ್ಲಿ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ ಅಕ್ಷರದ ಗುಳಿಗೆ ಇಳಿಸಿ, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಅದನ್ನು ಓದಿ ಮೂರು ರೂಪದಲ್ಲಿ ಅಚ್ಚು ಹಾಕಿದರು: ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ಮೈಸೂರು ವಿಶ್ವವಿದ್ಯಾಲಯ ಆಮೇಲೆ ಪರಿಷ್ಕೃತ ಸಂಪುಟಗಳನ್ನು ತಂದಿತು. ಈಗ ಎಷ್ಟೋ ಕಡೆ ಕಲ್ಲಿನ ಅಕ್ಷರ ಸವೆದಿದೆ, ಕೆಲವು ಕಡೆ ಕಲ್ಲೇ ಇಲ್ಲ. ಪಾಠ ಮಾತ್ರ ಊರೂರ ಗ್ರಂಥಾಲಯದಲ್ಲಿದೆ. ಕೆತ್ತಿಸಿದವರು ನಂಬಿದ್ದದ್ದು ಶಾಪವನ್ನು: ಇದನ್ನು ಅಳಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ ಎಂದು. ಶಾಪಕ್ಕೆ ಹೆದರದವರು ಬಂದ ಮೇಲೂ ಉಳಿಸಿದ್ದು ಪ್ರತಿ.

ಮರಳಿ ಕಟ್ಟಿದ ಉದಾಹರಣೆಯೂ ಪಕ್ಕದಲ್ಲೇ ಇದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿಯ ಮಹಾದ್ವಾರವನ್ನು ಕಲಬುರಗಿ ಕಡೆಯ ಗಂಗ ಸಾಲಾರ ಸುಟ್ಟಿದ್ದ. ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದ. ಕಟ್ಟಿಸಲು ಸಾಧ್ಯವಾದದ್ದು ಒಳಗಿನ ಗುಡಿ ಉಳಿದಿದ್ದರಿಂದ. ನಮಗೆ ಒಳಗಿನ ಗುಡಿಯಂತೆ ಉಳಿದದ್ದು ಕ್ಯಾಮೆರಾದ ಹಳೇ ಮೆಮೊರಿ ಕಾರ್ಡು. ಅಳಿಸಿದ್ದ ಚಿತ್ರಗಳನ್ನು ಎತ್ತುವ ಉಚಿತ ತಂತ್ರಾಂಶ ಹಾಕಿ ಆರುನೂರರಷ್ಟು ಫೋಟೋ ತೆಗೆದೆವು. ಶಾಸನದ ಕಲ್ಲುಗಳಿಗೆ ರೈಸರ ಪಾಠವಿತ್ತು. ಅಕ್ಷರವಿಲ್ಲದ ವೀರಗಲ್ಲುಗಳಿಗೆ ಯಾರ ಪಾಠವೂ ಇರಲಿಲ್ಲ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು, ಸಂತೋಷ. ದನ ಕಾಯುತ್ತಾ ಹುಲಿಗೆ ಸಿಕ್ಕವನ ಕಲ್ಲು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಂಥ ಒಂದು ಕಲ್ಲು ರಸ್ತೆ ಅಗಲ ಮಾಡುವಾಗ ಜಲ್ಲಿಯಡಿ ಹೋಯಿತು. ಅದರ ಒಂದೇ ಚಿತ್ರ ಆ ಬೀಗ ಬಿದ್ದ ಡಿಸ್ಕಿನಲ್ಲಿದೆ.

ಆ ಡಿಸ್ಕನ್ನು ಮಾವ ಎಸೆದಿಲ್ಲ. ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾರೆ. ಇದು ಬರಿಯ ಆಸೆಯಲ್ಲ. ಕ್ರಿಪ್ಟೋಲಾಕರ್ ಜಾಲವನ್ನು 2014ರಲ್ಲಿ ಹಲವು ದೇಶಗಳ ಪೊಲೀಸರು ಕೂಡಿ ಕೆಡವಿದಾಗ ಕೀಲಿಕೈಗಳು ಸಿಕ್ಕಿ, ಕಾದವರಿಗೆ ಫೈಲು ಮರಳಿದ್ದವು. ಕಂಪ್ಯೂಟರಿಗೆ ಹೊಸ ಡಿಸ್ಕು ಹಾಕಿಸಿ ವಿಂಡೋಸನ್ನು ಮೊದಲಿಂದ ತುಂಬಿಸಿದೆವು. ಅಪ್‌ಡೇಟು ತಾನಾಗಿ ಆಗುವ ಹಾಗೆ ಬಿಟ್ಟಿದ್ದೇವೆ. ಪುಟ ಜೋಡಿಸಲು ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶವಿದೆ, ಕನ್ನಡದ ಒತ್ತಕ್ಷರಕ್ಕೆ ಅದರೊಡನೆ ಸ್ವಲ್ಪ ಗುದ್ದಾಡಬೇಕು. ಎಲ್ಲದಕ್ಕೂ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ ಎಂಬ ನಿಯಮವನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ರೂಢಿಗೆ ತಂದರು. ಮಾವ ಅದಕ್ಕೆ ಒಂದು ಸೇರಿಸಿದ್ದಾರೆ: ಪ್ರತಿಯ ಡಿಸ್ಕು ನಕಲು ಮಾಡುವ ಹೊತ್ತಿಗೆ ಮಾತ್ರ ಕಂಪ್ಯೂಟರಿಗೆ, ಉಳಿದ ಹೊತ್ತು ಬೀರುವಿಗೆ. ಬೇರೆ ಊರಿನ ಪ್ರತಿ ಬೆಂಗಳೂರಿನ ನನ್ನ ಮನೆಯಲ್ಲಿದೆ. ತಿಂಗಳಿಗೊಮ್ಮೆ ಅದರಿಂದ ಯಾವುದಾದರೂ ಒಂದು ಫೈಲು ತೆರೆದು, ತೆರೆಯಿತು ಎಂದು ಫೋನಿನಲ್ಲಿ ಹೇಳಬೇಕು. ಹೇಳದಿದ್ದರೆ ಅವರೇ ಕೇಳುತ್ತಾರೆ.

ಹೆಸರು ಹೋದ ದನಿಗಳನ್ನು ಮೊಬೈಲಿಗೆ ಹಾಕಿಕೊಂಡು ಕೋವಿಡ್ ಇಳಿದ ಮೇಲೆ ಮಾವ ಮತ್ತೆ ಊರೂರು ಸುತ್ತಿದರು. ಕೆಲವರು ತಾವೇ ಸಿಕ್ಕಿ, ತಮ್ಮ ದನಿ ಕೇಳಿ ನಕ್ಕರು. ಕೆಲವರು ತೀರಿಕೊಂಡಿದ್ದರು. ಜಾವಗಲ್ಲಿನ ಹತ್ತಿರದ ಒಂದು ಹಟ್ಟಿಯಲ್ಲಿ ಜಗಲಿ ಮೇಲೆ ಕೂತು ಒಂದು ದನಿ ಹಾಕಿದಾಗ, ಒಳಗೆ ಪಾತ್ರೆ ತೊಳೆಯುತ್ತಿದ್ದ ಹುಡುಗಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಇದು ನಮ್ಮಜ್ಜಿ" ಎಂದಳಂತೆ. ಹೆಸರು ಬರೆದುಕೊಂಡು ಬಂದರು. ಅರವತ್ತರಲ್ಲಿ ಒಂಬತ್ತು ದನಿಗಳಿಗೆ ಇನ್ನೂ ಹೆಸರು ಸಿಕ್ಕಿಲ್ಲ. ಈಗ ಯಾರನ್ನು ಮಾತನಾಡಿಸಿದರೂ ಮಾವ ಹೆಸರನ್ನು ಎರಡು ಸಲ ಕೇಳುತ್ತಾರೆ, ಶುರುವಿನಲ್ಲೊಮ್ಮೆ, ಎದ್ದು ಹೊರಡುವಾಗ ಮತ್ತೊಮ್ಮೆ.